ಮುಂಬಯಿಯ ಆಪೆರಾ ಮಂದಿರ

ಕಳೆದ ಮಾರ್ಗಶಿರ ಮಾಸದಲ್ಲಿ ನಾನು ಮಗಳ ಮನೆಗೆಂದು ಮುಂಬಯಿಗೆ ಹೋಗಿ ಮೂರು ವಾರಗಳ ಕಾಲ ಅಲ್ಲಿದ್ದೆನು. ಒಂದು ದಿನ ಮಧ್ಯಾಹ್ನ ಅಳಿಯಂದಿರು, "ಮಾವನವರೇ, ಈ ಸಂಜೆ ಆಪೆರಾ ಹೌಸಿನಲ್ಲಿ ಪಾಶ್ಚಾತ್ಯ ಗಾಯನವಿದೆ, ತಮಗೆ ಬೇಸರವಾಗದಿದ್ದರೆ ಹೋಗಿ ಬರೋಣ" ಎಂದರು. ಪಾಶ್ಚಾತ್ಯ ಸಂಗೀತದಲ್ಲಿ ನನಗಿರುವ ಪ್ರವೇಶವು ಶೂನ್ಯವೆಂದೇ ಹೇಳಬೇಕು. ಪಾಠಶಾಲೆಯಲ್ಲಿ ಕೌಮುದಿಯನ್ನೂ ಪಂಚಕಾವ್ಯಗಳನ್ನೂ ಓದಿ, ಮೂವತ್ತೈದು ವರ್ಷ ಹುಡುಗರಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದವನಿಗೆ ಇಟಲಿ ಫ್ರಾನ್ಸುಗಳ ಗಾಯನದ ಗಂಧವು ಎಲ್ಲಿಂದ ಬರಬೇಕು? ಇದಲ್ಲದೆ ಎರಡು ವರ್ಷಗಳಿಂದ ನನ್ನ ಬಲಗಿವಿಯು ಮಂದವಾಗಿರುವುದು. ಊರಿನ ಸಭೆಗಳಲ್ಲಿ ಧ್ವನಿವರ್ಧಕಗಳ ಆರ್ಭಟದ ನಡುವೆ ನನಗೆ ಸದ್ದು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಆದಕಾರಣ ಈಚೆಗೆ ನಾನು ಗಾಯನಸಭೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೆನು.

ಆದರೂ ಆ ದಿನ ಹೊರಟೆನು. ಹೊರಡಿಸಿದ್ದು ಸಂಗೀತವಲ್ಲ, ಆ ಮಂದಿರದ ಹೆಸರು. ನಮ್ಮ ಪಿತಾಮಹರು ತಾರುಣ್ಯದಲ್ಲಿ ಬಾಲಗಂಧರ್ವರ ನಾಟಕವನ್ನು ನೋಡಿದ್ದರು. ಮುಪ್ಪಿನಲ್ಲಿಯೂ ಅದರ ಮಾತನ್ನು ಬಿಟ್ಟಿರಲಿಲ್ಲ. ಅವರು ವರ್ಣಿಸುತ್ತಿದ್ದುದು ಪೈಠಣಿ ಸೀರೆಯನ್ನಲ್ಲ, ಒಡವೆಗಳನ್ನಲ್ಲ. ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತಿದ್ದ ತಮಗೂ ಆ ಕಂಠದ ಸೂಕ್ಷ್ಮವಾದ ಎಳೆಯೊಂದು ಯಾವ ಯಂತ್ರದ ನೆರವೂ ಇಲ್ಲದೆ ಬಂದು ಮುಟ್ಟಿತೆಂಬುದನ್ನು. ಆ ಬಾಲಗಂಧರ್ವರು ಹಾಡಿದ ಮಂದಿರಗಳಲ್ಲಿ ಈ ಆಪೆರಾ ಹೌಸೂ ಒಂದೆಂದು ತಿಳಿದಿದ್ದುದರಿಂದ ಕಿವಿಯ ಗೊಡವೆಯನ್ನು ಬಿಟ್ಟು, ಕಣ್ಣಿನಿಂದಲಾದರೂ ನೋಡಿಬರೋಣವೆಂದು ಹೋದೆನು. ಆ ಸಂಜೆ ಕಂಡುದನ್ನೂ, ಬಳಿಕ ಓದಿ ತಿಳಿದುದನ್ನೂ ನಮ್ಮ ಪತ್ರಿಕೆಯ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು.

ಚರ್ನಿ ರಸ್ತೆಯ ನಿಲ್ದಾಣದಲ್ಲಿಳಿದು, ಚೌಪಾಟಿಯ ಕಡಲ ಗಾಳಿಯನ್ನು ಬೆನ್ನಿಗೆ ಮಾಡಿಕೊಂಡು ಸ್ವಲ್ಪ ನಡೆದರೆ ಆಪೆರಾ ಹೌಸು ಸಿಕ್ಕುವುದು. ಆ ಭಾಗವೆಲ್ಲ ವಜ್ರದ ವ್ಯಾಪಾರಿಗಳ ಅಂಗಡಿ ಮಳಿಗೆಗಳಿಂದ ಹೆಸರಾದದ್ದು. ವಿಚಿತ್ರವೇನೆಂದರೆ, ಮಂದಿರವು ಬಾಗಿಲು ಹಾಕಿಕೊಂಡಿದ್ದ ಇಪ್ಪತ್ತು ಮೂರು ವರ್ಷಗಳಲ್ಲಿಯೂ ಆ ಬಡಾವಣೆಗೆ ಅದರ ಹೆಸರೇ ನಡೆಯುತ್ತಿತ್ತು. ೨೦೧೧ರ ಜುಲೈ ತಿಂಗಳಲ್ಲಿ ಮುಂಬಯಿಯ ಮೂರು ಕಡೆಗಳಲ್ಲಿ ಬಾಂಬು ಸಿಡಿದಾಗ ಪತ್ರಿಕೆಗಳಲ್ಲಿ ಆಪೆರಾ ಹೌಸಿನ ಹೆಸರನ್ನು ಓದಿದ ನಮ್ಮೂರಿನ ಎಷ್ಟು ಮಂದಿಗೆ ಅದೊಂದು ನಾಟ್ಯಗೃಹದ ಹೆಸರೆಂದು ಗೊತ್ತಿದ್ದಿತೋ ಕಾಣೆನು. ಹೆಸರು ಮನೆಗಿಂತ ಹೆಚ್ಚು ಕಾಲ ಬದುಕುವುದು.

ಮಂದಿರದ ಚರಿತ್ರೆಯನ್ನು ಮೊದಲು ಹೇಳುವೆನು. ೧೯೦೮ರ ಸುಮಾರಿಗೆ ಇದನ್ನು ಕಟ್ಟಬೇಕೆಂದು ಸಂಕಲ್ಪಿಸಿದವರು ಇಬ್ಬರು. ಒಬ್ಬನು ಮಾರಿಸ್ ಬ್ಯಾಂಡ್‌ಮನ್ ಎಂಬ ನಾಟಕ ವ್ಯವಸ್ಥಾಪಕ. ಇನ್ನೊಬ್ಬರು ಜಹಾಂಗೀರ್ ಫ್ರಾಮ್‌ಜೀ ಕರಾಕಾ ಎಂಬ, ಕಲ್ಲಿದ್ದಲಿನ ದಲಾಲಿಯಲ್ಲಿ ಹಣ ಗಳಿಸಿದ್ದ ಪಾರಸೀ ಗೃಹಸ್ಥರು. ಬ್ಯಾಂಡ್‌ಮನ್ನನು ಕಲಕತ್ತೆಯಲ್ಲಿ ನೆಲೆಯೂರಿ, ಮೆಡಿಟರೇನಿಯನ್ ಸಮುದ್ರದ ತೀರಗಳಿಂದ ಹಿಡಿದು ಜಪಾನಿನವರೆಗೆ ಹಡಗಿನಿಂದ ಹಡಗಿಗೆ ತನ್ನ ನಟವರ್ಗವನ್ನು ಸಾಗಿಸುತ್ತಿದ್ದ ಸಾಹಸಿ. ಒಂದೂರಿನಲ್ಲಿ ಒಂದು ವಾರ, ಇನ್ನೊಂದೂರಿನಲ್ಲಿ ಎರಡು ವಾರ. ನಮ್ಮ ಕಂಪನಿ ನಾಟಕದವರು ಎತ್ತಿನ ಗಾಡಿಯಲ್ಲಿ ಮಾಡಿದ್ದನ್ನು ಆತನು ಉಗಿಹಡಗಿನಲ್ಲಿ ಮಾಡಿದನೆಂದರೆ ತಪ್ಪಾಗಲಾರದು. ಕಟ್ಟಡವು ಪೂರ್ತಿಯಾಗುವ ಮುನ್ನವೇ, ದಿಲ್ಲಿಯ ದರ್ಬಾರಿಗಾಗಿ ೧೯೧೧ರಲ್ಲಿ ಬಂದಿದ್ದ ಐದನೆಯ ಜಾರ್ಜ್ ದೊರೆಯ ಕೈಯಿಂದ ಅದರ ಉದ್ಘಾಟನೆಯಾಯಿತು. ಆದುದರಿಂದಲೇ ಹೆಸರಿನ ಹಿಂದೆ 'ರಾಯಲ್' ಎಂಬ ವಿಶೇಷಣವು ಸೇರಿತು. ಗೃಹಪ್ರವೇಶವು ಮೊದಲು, ಮಾಳಿಗೆಯು ಆಮೇಲೆ! ೧೯೧೨ರಲ್ಲಿ ಕೆಲಸವು ಒಂದು ಹಂತಕ್ಕೆ ಬಂದು, ಸೇರಿಸುವುದು ತಿದ್ದುವುದು ೧೯೧೫ರವರೆಗೂ ನಡೆಯಿತು.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ತೆಗೆದುಹಾಕಬೇಕಾಗಿದೆ. ಆಪೆರಾ ಹೌಸೆಂದ ಮೇಲೆ ಅಲ್ಲಿ ದಿನಬೆಳಗಾದರೆ ಇಟಲಿಯ ಮಹಾಗೀತನಾಟಕಗಳು ನಡೆಯುತ್ತಿದ್ದುವೆಂದು ಭಾವಿಸುವುದು ಸಹಜವು. ವಸ್ತುಸ್ಥಿತಿಯು ಹಾಗಿಲ್ಲ. ಬ್ಯಾಂಡ್‌ಮನ್ನನ ಮಂಡಳಿಯ ಹೆಸರಿನಲ್ಲಿಯೂ ಆಪೆರಾ ಎಂಬ ಮಾತಿದ್ದರೂ ಅವರು ಆಡುತ್ತಿದ್ದುದು ಬಹುಮಟ್ಟಿಗೆ ಲಂಡನ್ ನಗರದ ಹಗುರವಾದ ಹಾಸ್ಯಗೀತನಾಟಕಗಳು. ಊರು ಬಿಟ್ಟು ಬಂದ ಸರಕಾರಿ ಅಧಿಕಾರಿಗಳಿಗೂ ವ್ಯಾಪಾರಿಗಳಿಗೂ ದಿನದ ದಣಿವನ್ನು ಕಳೆಯಲು ಅವು ಸಾಕಾಗಿದ್ದುವು. ೧೯೨೨ರಲ್ಲಿ ಬ್ಯಾಂಡ್‌ಮನ್ನನು ತೀರಿಕೊಂಡನು. ಆ ಬಳಿಕ ಈ ಮಂದಿರದ ಉಸಿರನ್ನು ಹಿಡಿದು ನಿಲ್ಲಿಸಿದವರು ಯಾರೆಂದು ಹುಡುಕಿದರೆ ನಾವು ಬಂದು ನಿಲ್ಲುವುದು ನಮ್ಮ ಮನೆಯಂಗಳಕ್ಕೆ. ಅದನ್ನು ಮುಂದೆ ಹೇಳುವೆನು.

ಒಳಗೆ ಹೋದೆವು. ಟಿಕೀಟೆಂದರೆ ಈಗ ಕಾಗದದ ಚೀಟಿಯಲ್ಲ. ಅಳಿಯಂದಿರ ಮೊಬೈಲಿನ ಫಲಕದ ಮೇಲಿನ ಕಪ್ಪುಬಿಳುಪಿನ ಒಂದು ಚೌಕಳಿ. ಬಾಗಿಲಲ್ಲಿದ್ದ ತರುಣಿಯು ಅದಕ್ಕೊಂದು ಯಂತ್ರವನ್ನು ಹಿಡಿದು ನಮ್ಮನ್ನು ಒಳಗೆ ಬಿಟ್ಟಳು. ಮುಖಮಂಟಪದಲ್ಲಿ ತೂಗುವ ಸ್ಫಟಿಕದ ದೀಪಗುಚ್ಛಗಳು ಸಾಸೂನ್ ಎಂಬ ಯೆಹೂದ್ಯ ವರ್ತಕ ಮನೆತನದವರ 'ಸಾಂ ಸೂಸಿ' ಎಂಬ ಮಹಲಿನಲ್ಲಿದ್ದು, ಅವರ ದಾನವಾಗಿ ಇಲ್ಲಿಗೆ ಬಂದವು. ಒಳಗಣ ಗುಮ್ಮಟವನ್ನು ಎಂಟು ಭಾಗಗಳಾಗಿ ವಿಂಗಡಿಸಿ, ಪಾಶ್ಚಾತ್ಯ ಕವಿಗಳಿಗೂ ನಾಟಕಕಾರರಿಗೂ ಕಾಣಿಕೆಯೆಂಬಂತೆ ಚಿತ್ರಿಸಿದ್ದಾರೆ. ಇಬ್ಬದಿಯಲ್ಲಿ ಗಣ್ಯರು ಕೂರುವ ಗೂಡುಗಳು, ಮೇಲೆ ಉಪ್ಪರಿಗೆ, ಎದುರಿಗೆ ವಾದ್ಯಗಾರರು ಕೂರಲು ತಗ್ಗಾದ ಸ್ಥಳ, ಕೆಂಪು ಹಾಗೂ ಬಂಗಾರದ ಬಣ್ಣ. ಎಲ್ಲವೂ ಸೇರಿ ಆಸನಗಳು ೫೭೪ ಮಾತ್ರ. ದೊಡ್ಡದೆಂದು ಕೇಳಿ ಹೋದವನಿಗೆ ಅದು ಇಷ್ಟು ಚಿಕ್ಕದೇ ಎನಿಸಿತು. ಆದರೆ ಕುಳಿತು ಸುತ್ತಲೂ ನೋಡುತ್ತಿರಲು, ಈ ಅಳತೆಯನ್ನು ಎಲ್ಲಿಯೋ ಓದಿದ್ದೇನಲ್ಲಾ ಎಂಬ ಭಾವವು ಮೂಡಿತು.

ಭರತಮುನಿಯ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವು ನಾಟ್ಯಗೃಹದ ಲಕ್ಷಣವನ್ನು ಹೇಳುವುದು. ಅದಕ್ಕೆ ಪೀಠಿಕೆಯಾಗಿ ಮೊದಲನೆಯ ಅಧ್ಯಾಯದಲ್ಲಿ ಒಂದು ಕಥೆಯಿದೆ. ಮೊತ್ತಮೊದಲ ನಾಟ್ಯಪ್ರಯೋಗವು ಇಂದ್ರಧ್ವಜದ ಉತ್ಸವದಲ್ಲಿ ಬಯಲಿನಲ್ಲಿ ನಡೆಯಿತಂತೆ. ತಮ್ಮ ಸೋಲಿನ ಕಥೆಯನ್ನು ಆಡುವುದನ್ನು ಕಂಡು ಕೆರಳಿದ ದೈತ್ಯರು ವಿಘ್ನಗಳೊಡನೆ ಸೇರಿ ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಸ್ತಂಭನಗೊಳಿಸಿದರಂತೆ. ಆಗ ಬ್ರಹ್ಮನ ಆಜ್ಞೆಯಿಂದ ವಿಶ್ವಕರ್ಮನು ನಾಟ್ಯಗೃಹವನ್ನು ಕಟ್ಟಿದನು. ಅಂದರೆ, ನಾಟ್ಯಮಂದಿರವು ಹುಟ್ಟಿದ್ದು ವೈಭವಕ್ಕಾಗಿ ಅಲ್ಲ, ನಟನ ನಾಲಗೆಗೂ ನೆನಪಿಗೂ ರಕ್ಷಣೆಯಾಗಿ. ಮುಂದೆ ಅಳತೆಯ ಮಾತು ಬರುವುದು. ವಿಕೃಷ್ಟ, ಚತುರಸ್ರ, ತ್ರ್ಯಸ್ರವೆಂದು ಆಕಾರಗಳು ಮೂರು. ಜ್ಯೇಷ್ಠ, ಮಧ್ಯಮ, ಅವರವೆಂದು ಪ್ರಮಾಣಗಳು ಮೂರು. ಅವು ಕ್ರಮವಾಗಿ ೧೦೮, ೬೪ ಮತ್ತು ೩೨ ಹಸ್ತಗಳು. ಇವುಗಳಲ್ಲಿ ಮನುಷ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲದ ಮಂದಿರವನ್ನೇ ಕಟ್ಟಬೇಕೆಂದು ಮುನಿಯ ವಿಧಿ. ಹಸ್ತವೆಂದರೆ ಒಂದೂವರೆ ಅಡಿಯೆಂದು ಇಟ್ಟುಕೊಂಡರೆ ಇದು ೯೬ ಅಡಿಗೆ ೪೮ ಅಡಿಯಾಯಿತು. ಅದರಲ್ಲಿಯೂ ಅರ್ಧವು ರಂಗಕ್ಕೂ ನೇಪಥ್ಯಕ್ಕೂ ಹೋಗಿ ಪ್ರೇಕ್ಷಕರಿಗೆ ಉಳಿಯುವುದು ಅರ್ಧ ಮಾತ್ರ. ಇದಕ್ಕಿಂತ ದೊಡ್ಡದನ್ನು ಏಕೆ ಕಟ್ಟಬಾರದು? ಮುನಿಯು ಕೊಡುವ ಕಾರಣವು ಎರಡು ಸಾವಿರ ವರ್ಷಗಳ ಬಳಿಕವೂ ಹಳಸಿಲ್ಲ: ಮಂದಿರವು ಅತಿ ದೊಡ್ಡದಾದರೆ ನಟನ ಮಾತು ವಿಸ್ವರವಾಗುವುದು, ಮುಖದ ಭಾವವು ದೂರದವರಿಗೆ ಅವ್ಯಕ್ತವಾಗುವುದು. ಇಷ್ಟಕ್ಕೇ ನಿಲ್ಲಿಸದೆ, ಮಂದಿರವು ಬೆಟ್ಟದ ಗುಹೆಯಂತಿರಬೇಕು, ಎರಡು ಭೂಮಿಗಳುಳ್ಳದ್ದಾಗಿರಬೇಕು, ಕಿಟಕಿಗಳು ಸಣ್ಣವಾಗಿರಬೇಕು, ಗಾಳಿಯು ನುಗ್ಗಬಾರದು, ಹಾಗಿದ್ದರೆ ಶಬ್ದವು ಗಂಭೀರವಾಗಿ ನಿಲ್ಲುವುದೆಂದೂ ಹೇಳಿದ್ದಾನೆ. 'ದ್ವಿಭೂಮಿ'ಯೆಂಬುದಕ್ಕೆ ಎರಡು ಅಂತಸ್ತೆಂದು ಅರ್ಥ ಮಾಡಬೇಕೋ, ನೆಲದ ಎತ್ತರ ತಗ್ಗುಗಳೆಂದು ಅರ್ಥ ಮಾಡಬೇಕೋ ಎಂಬುದರಲ್ಲಿ ವ್ಯಾಖ್ಯಾನಕಾರರು ಒಮ್ಮತದಿಂದಿಲ್ಲ. ಆ ವಿವಾದವು ಇಲ್ಲಿ ಬೇಡ.

ಈ ಅಧ್ಯಾಯವನ್ನು ನಾನು ಹುಡುಗರಿಗೆ ಎಷ್ಟೋ ಸಲ ಪಾಠ ಹೇಳಿದ್ದೆನು. ಆದರೆ ಅದರ ಅರ್ಥವು ನನ್ನ ಕಿವಿಗೆ ಹತ್ತಿದ್ದು ಆ ಸಂಜೆಯೇ. ಗುಹೆಯಂತೆ ಬಾಗಿದ ಮಾಳಿಗೆ, ಗಾಳಿ ನುಗ್ಗದ ಗೋಡೆಗಳು. ಅತ್ಯುಚ್ಚದ ಸಾಲಿನವನಿಗೂ ಪ್ರತಿಯೊಂದು ಮಾತು ಕೇಳಿಸಬೇಕೆಂಬ ಉದ್ದೇಶದಿಂದಲೇ ಇಲ್ಲಿಯ ಮಾಳಿಗೆಯನ್ನು ರೂಪಿಸಿದ್ದರೆಂದು ಚರಿತ್ರಕಾರರು ಬರೆಯುತ್ತಾರೆ. ಭರತನನ್ನು ಓದದವರು ಭರತನು ಹೇಳಿದಂತೆ ಕಟ್ಟಿದ್ದಾರೆ. ಇದನ್ನು ಕಂಡು ಅವರು ನಮ್ಮಿಂದ ಕದ್ದರೆಂದು ಕೂಗುವವರ ಗುಂಪಿಗೆ ನಾನು ಸೇರಿದವನಲ್ಲ. ಮನುಷ್ಯನ ಕಂಠವೂ ಕಿವಿಯೂ ಎಲ್ಲೆಡೆಯಲ್ಲಿಯೂ ಒಂದೇ ಆದುದರಿಂದ ಅವುಗಳನ್ನು ಕಂಡು ಕಟ್ಟಿದವರ ತೀರ್ಮಾನಗಳೂ ಸಮೀಪವಾಗುವುವು.

ಅವರ ದಾರಿಯಾದರೋ ಬೇರೆಯೇ ಆಗಿದ್ದಿತು. ಹದಿನಾರನೆಯ ಶತಮಾನದ ಕೊನೆಯಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಕೆಲವು ವಿದ್ವಾಂಸರು ಪ್ರಾಚೀನ ಗ್ರೀಕರ ನಾಟಕಗಳನ್ನು ಆದ್ಯಂತವಾಗಿ ಹಾಡುತ್ತಿದ್ದರೆಂದು ಊಹಿಸಿ, ತಾವೂ ಹಾಗೆಯೇ ಮಾಡಹೊರಟರು. ಊಹೆಯು ಪೂರ್ತಿ ಸರಿಯಾಗಿರಲಿಲ್ಲ. ಆದರೆ ಆ ಅರ್ಧ ತಪ್ಪಿನಿಂದ ಒಂದು ಹೊಸ ಕಲೆಯೇ ಹುಟ್ಟಿತು. ೧೬೦೭ರಲ್ಲಿ ಮಾಂಟುವಾ ನಗರದಲ್ಲಿ ಮಾಂಟೆವೆರ್ದಿಯ 'ಆರ್ಫೆಯೋ' ನಾಟಕವು ಅರಮನೆಯವರಿಗಾಗಿ ನಡೆಯಿತು. ೧೬೩೭ರಲ್ಲಿ ವೆನಿಸ್ ನಗರದ ಸಾನ್ ಕಾಸಿಯಾನೋ ಎಂಬ ಮಂದಿರದಲ್ಲಿ ಹಣ ಕೊಟ್ಟ ಯಾರೇ ಆಗಲಿ ಒಳಗೆ ಬಂದು ಕೂರಬಹುದೆಂದಾಯಿತು. ಅಂದಿನಿಂದ ಆಪೆರಾ ಅರಮನೆಯ ಹೊಸ್ತಿಲನ್ನು ದಾಟಿ ಊರಿನದಾಯಿತು. ಶ್ರೀಮಂತ ಮನೆತನಗಳಿಗೆ ಗೂಡುಗಳನ್ನು ಕೊಟ್ಟು, ಅವರ ಹಣದಿಂದ ಮಂದಿರವನ್ನು ಕಟ್ಟುವ ಪದ್ಧತಿಯು ಬೆಳೆಯಿತು. ಮಿಲಾನಿನ ಸ್ಕಾಲಾ ಮಂದಿರವು ೧೭೭೮ರಲ್ಲಿ ತೆರೆದುದು ಹೀಗೆಯೇ. ಕುದುರೆಯ ಲಾಳದಾಕಾರದಲ್ಲಿ ಗೂಡುಗಳನ್ನು ಜೋಡಿಸಿದ್ದರಿಂದ ಅಲ್ಲಿ ಕುಳಿತವರಿಗೆ ರಂಗಕ್ಕಿಂತಲೂ ಎದುರು ಗೂಡಿನವರೇ ಚೆನ್ನಾಗಿ ಕಾಣುತ್ತಿದ್ದರು. ಪ್ರೇಕ್ಷಕರ ಕಡೆಯ ದೀಪಗಳನ್ನೂ ಆರಿಸುತ್ತಿರಲಿಲ್ಲ. ೧೮೭೬ರಲ್ಲಿ ಜರ್ಮನಿಯ ಬೈರೊಯಿಟ್ ಎಂಬ ಊರಿನಲ್ಲಿ ವಾಗ್ನರನು ತನ್ನ ಸ್ವಂತ ಮಂದಿರದಲ್ಲಿ ದೀಪಗಳನ್ನು ಮಂದಗೊಳಿಸಿ, ವಾದ್ಯಗಾರರನ್ನು ಕಣ್ಣಿಗೆ ಮರೆಮಾಡಿದ ಬಳಿಕ ಕತ್ತಲೆಯಲ್ಲಿ ಕುಳಿತು ಕೇಳುವ ಶಿಸ್ತು ಬಲಗೊಂಡಿತು.

ಆ ಮಂದಿರಗಳ ವಿಘ್ನಗಳಲ್ಲಿ ಮುಖ್ಯವಾದುದು ಅಗ್ನಿ. ಮೇಣದಬತ್ತಿ, ಎಣ್ಣೆಯ ದೀಪ, ಬಳಿಕ ಅನಿಲದ ದೀಪ. ಸುತ್ತಲೂ ಮರ, ಬಟ್ಟೆ, ಬಣ್ಣ. ೧೮೮೧ರ ಡಿಸೆಂಬರಿನಲ್ಲಿ ವಿಯೆನ್ನಾ ನಗರದ ರಿಂಗ್ ರಂಗಮಂದಿರವು ಉರಿದು ನೂರಾರು ಜನರು ಸತ್ತರು. ೧೮೮೭ರಲ್ಲಿ ಪ್ಯಾರಿಸ್ಸಿನ ಆಪೆರಾ ಕೊಮಿಕ್ ಮಂದಿರವು ಸುಟ್ಟು ಎಂಬತ್ತಕ್ಕೂ ಹೆಚ್ಚು ಜನರು ಅಳಿದರು. ವಿದ್ಯುದ್ದೀಪಗಳು ರಂಗಭೂಮಿಗೆ ಅಷ್ಟು ಬೇಗನೆ ಬಂದುದಕ್ಕೆ ಈ ಚಿತೆಗಳೇ ಕಾರಣವಾದುವು. ಎರಡನೆಯ ಮಂದಿರವನ್ನು ಹೆಸರಿಸಿದ್ದಕ್ಕೆ ಇನ್ನೊಂದು ನೆಪವೂ ಉಂಟು. ಅದು ಸುಡುವುದಕ್ಕೆ ನಾಲ್ಕು ವರ್ಷ ಮೊದಲು, ೧೮೮೩ರಲ್ಲಿ, ಅದೇ ರಂಗದ ಮೇಲೆ ದೆಲೀಬ್ ಎಂಬವನ 'ಲಾಕ್ಮೇ' ಎಂಬ ಗೀತನಾಟಕವು ಮೊದಲು ನಡೆಯಿತು. ನಾವು ಹೋದ ಸಂಜೆಯ ಕಾರ್ಯಕ್ರಮದಲ್ಲಿ ಅದರಿಂದ ಆಯ್ದ ಒಂದು ಯುಗಲಗೀತವಿದ್ದಿತು.

ಗಾಯನವು ಏಳು ಗಂಟೆಗೆ ಆರಂಭವಾಯಿತು. ಇಡಿಯ ನಾಟಕವಲ್ಲ, ನಾಲ್ಕಾರು ಗೀತನಾಟಕಗಳಿಂದ ಆಯ್ದ ಹಾಡುಗಳು. ಒಂದು ಪಿಯಾನೋ, ಮೂವರು ಗಾಯಕರು. ನಾನು ಮೊದಲು ಹುಡುಕಿದ್ದು ಧ್ವನಿವರ್ಧಕವನ್ನು. ರಂಗದ ಮೇಲೆ ಅದರ ಸುಳಿವಿರಲಿಲ್ಲ. ಅಳಿಯಂದಿರು ಮೆಲ್ಲಗೆ, "ಇಲ್ಲಿ ಇವರು ಮೈಕು ಹಿಡಿಯುವುದಿಲ್ಲ, ಮಾವನವರೇ" ಎಂದರು. ನನ್ನ ಬಲಗಿವಿಯನ್ನು ನೆನೆದು, ಇನ್ನೆರಡು ತಾಸು ಮೂಕಾಭಿನಯವನ್ನು ನೋಡುವುದೇ ನನ್ನ ಪಾಲೆಂದು ಸಿದ್ಧನಾದೆನು.

ಮೊದಲನೆಯ ಎರಡು ಹಾಡುಗಳು ನನಗೆ ಹತ್ತಲಿಲ್ಲ. ಕೇಳಿಸಿತು ನಿಜ, ಬಹಳ ಚೆನ್ನಾಗಿಯೇ ಕೇಳಿಸಿತು. ಆದರೆ ಸ್ವರದ ಆ ಕಂಪನವು, ಸ್ಥಿರವಾದ ಷಡ್ಜಕ್ಕೆ ಒಗ್ಗಿದ ನಮ್ಮ ಕಿವಿಗೆ ಅಳುವಂತೆ ತೋರುವುದು. ತಂಬೂರಿಯ ಆಶ್ರಯವಿಲ್ಲದ ಗಾಯನವು ಗೋಡೆಯಿಲ್ಲದ ಚಿತ್ರವೆಂದು ನನ್ನ ಮನಸ್ಸು ಗೊಣಗಿತು. ಮೂರನೆಯದಾಗಿ ಇಬ್ಬರು ಸ್ತ್ರೀಯರು ಬಂದು ನಿಂತು ಹಾಡಿದರು. ಭಾಷೆಯು ಫ್ರೆಂಚು, ನನಗೆ ಒಂದಕ್ಷರವೂ ತಿಳಿಯದು. ಹಾಗಿರುವಲ್ಲಿ ಮೊದಲಿಗೇ "ಮಲ್ಲಿಕಾ" ಎಂಬ ಸಂಬೋಧನೆಯು ಸ್ಪಷ್ಟವಾಗಿ ಬಂದು ಕಿವಿಗೆ ಬಿದ್ದಿತು. ಮಂದವಾದ ಬಲಗಿವಿಗೂ ಬಿದ್ದಿತು. ನಾನು ನೆಟ್ಟಗೆ ಕುಳಿತೆನು.

ಲಾಕ್ಮೇ ಎಂದರೆ ಲಕ್ಷ್ಮಿಯೇ. ಫ್ರೆಂಚರ ನಾಲಗೆಯಲ್ಲಿ ಹಾಗಾಗಿದೆ. ಆಕೆಯು ನೀಲಕಂಠನೆಂಬ ಬ್ರಾಹ್ಮಣನ ಮಗಳು, ಮಲ್ಲಿಕಾ ಅವಳ ದಾಸಿ. ಇಬ್ಬರೂ ಹೂ ತರಲು ನದಿಗೆ ಹೋಗುವಾಗಿನ ಹಾಡದು. ಮುಂದೆ ಲಾಕ್ಮೇಯು ಒಬ್ಬ ಆಂಗ್ಲ ಸೈನ್ಯಾಧಿಕಾರಿಯನ್ನು ಪ್ರೀತಿಸಿ, ಅವನು ತನ್ನ ಕರ್ತವ್ಯಕ್ಕೆ ಮರಳುವನೆಂದು ಅರಿತು ದತ್ತೂರಿಯನ್ನು ತಿಂದು ಸಾಯುವಳು. ನಡುವೆ, ಆಶ್ರಮಕ್ಕೆ ನುಗ್ಗಿದ ಪರಕೀಯನನ್ನು ಪತ್ತೆಹಚ್ಚಲು ತಂದೆಯು ಮಗಳನ್ನು ಸಂತೆಯಲ್ಲಿ ನಿಲ್ಲಿಸಿ ಹಾಡಿಸುವನಂತೆ! ಯಾವ ಅಗ್ರಹಾರದ ನೀಲಕಂಠಭಟ್ಟರು ಇದನ್ನು ಮಾಡಿಯಾರೋ ನಾನರಿಯೆ. ಬರೆದವರು ಹಿಂದುಸ್ಥಾನವನ್ನು ಕಂಡು ಬರೆದಂತೆ ತೋರುವುದಿಲ್ಲ. ಆದರೆ ತಪೋವನ, ಹೂ ಬಿಡಿಸುವ ಸಖಿಯರು, ಹೊರಗಿನಿಂದ ಬರುವ ಪುರುಷ, ಅವನ ಕರ್ತವ್ಯದಿಂದ ಕೆಡುವ ಪ್ರೇಮ—ಇದನ್ನೆಲ್ಲ ಓದುವ ಸಂಸ್ಕೃತ ವಿದ್ಯಾರ್ಥಿಗೆ ಶಾಕುಂತಲದ ಮೊದಲನೆಯ ಅಂಕವು ನೆನಪಾಗದಿರದು. ಯೂರೋಪಿನವರಿಗೆ ೧೭೮೯ರಲ್ಲಿ ವಿಲಿಯಂ ಜೋನ್ಸನ ಭಾಷಾಂತರದಿಂದ ಶಕುಂತಲೆಯ ಪರಿಚಯವಾದ ಮೇಲೆ ಅವಳು ಅವರ ಸಂಗೀತಗಾರರನ್ನೂ ಬಿಡಲಿಲ್ಲ. ಶೂಬರ್ಟನು ೧೮೨೦ರಲ್ಲಿ ಅವಳ ಮೇಲೆ ಆಪೆರಾ ಬರೆಯತೊಡಗಿ ಅರ್ಧದಲ್ಲಿ ಬಿಟ್ಟನು. ಇಟಲಿಯ ಅಲ್ಫಾನೋ ಎಂಬವನ ಶಾಕುಂತಲವು ೧೯೨೧ರಲ್ಲಿ ಬೊಲೋನ್ಯ ನಗರದಲ್ಲಿ ನಡೆಯಿತು. ಎರಡನೆಯ ಮಹಾಯುದ್ಧದಲ್ಲಿ ಅದರ ಸ್ವರಲಿಪಿಯು ನಾಶವಾಯಿತೆಂದು ತಿಳಿದು ಆತನು ನೆನಪಿನ ಬಲದಿಂದ ಅದನ್ನು ಮತ್ತೆ ಬರೆದನು. ೧೯೫೨ರಲ್ಲಿ ರೋಮಿನಲ್ಲಿ ಪುನಃ ಆಡಿದರು. ಉಂಗುರವು ಕಳೆದು, ನೆನಪಿನಿಂದ ಎಲ್ಲವೂ ಮರಳಿ ಬರುವ ಕಥೆಗೆ ಇಂಥದೇ ಗತಿಯೊದಗಿದುದು ಸೋಜಿಗವಲ್ಲವೇ? ಮೂಲಪ್ರತಿಯೂ ಬಹುಕಾಲದ ಮೇಲೆ ಸಿಕ್ಕಿತು.

ಮೈಕಿಲ್ಲದೆ ಆ ಕಂಠಗಳು ಹೇಗೆ ಕೇಳಿಸಿದವೆಂಬುದನ್ನು ಮರುದಿನ ಅಳಿಯಂದಿರ ನೆರವಿನಿಂದ ಓದಿ ತಿಳಿದೆನು. ಗಾಯಕರು ಕೂಗುವುದಿಲ್ಲ. ವರ್ಷಗಟ್ಟಲೆಯ ಸಾಧನೆಯಿಂದ ಗಂಟಲಿನ ಮೇಲ್ಭಾಗವನ್ನು ಹದಗೊಳಿಸಿ, ಸೆಕೆಂಡಿಗೆ ಸುಮಾರು ೩೦೦೦ ಕಂಪನಗಳ ಆಸುಪಾಸಿನಲ್ಲಿ ಧ್ವನಿಯ ಶಕ್ತಿಯನ್ನು ಒಟ್ಟುಗೂಡಿಸುವರು. ವಾದ್ಯಮೇಳದ ಬಲವು ಇರುವುದು ಅದಕ್ಕಿಂತ ಬಹಳ ಕೆಳಗೆ, ೫೦೦ ಕಂಪನಗಳ ಹತ್ತಿರ. ಆದುದರಿಂದ ನೂರು ವಾದ್ಯಗಳ ಮಧ್ಯದಿಂದಲೂ ಒಂದು ಕಂಠವು ತನ್ನ ದಾರಿಯನ್ನು ಬಿಡಿಸಿಕೊಂಡು ಬರುವುದು. ಇದು ಪುರುಷಕಂಠಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುವುದಂತೆ. ಸ್ತ್ರೀಯರ ತಾರಸ್ಥಾಯಿಯಲ್ಲಿ ಉಪಾಯವು ಕೊಂಚ ಬೇರೆ. ಸ್ವೀಡನ್ ದೇಶದ ಸುಂಡ್‌ಬರ್ಗ್ ಎಂಬ ವಿದ್ವಾಂಸರು ೧೯೭೦ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಗಾಯಕರು ಮಾತ್ರ ಅಳೆಯದೆಯೇ ಶತಮಾನಗಳ ಹಿಂದೆ ಕಂಡುಕೊಂಡಿದ್ದರು. ನಮ್ಮ ಕಂಪನಿ ನಟರೂ ಕಂಡುಕೊಂಡಿದ್ದರೇ? ಪಿತಾಮಹರ ಮಾತು ಸುಳ್ಳಲ್ಲವಾದರೆ ಹೌದೆನ್ನಬೇಕು.

ಈಗ ಮೊದಲು ಮುಂದಕ್ಕೆ ಹಾಕಿದ ಮಾತಿಗೆ ಬರುವೆನು. ೧೮೪೨ರ ಸುಮಾರಿಗೆ ಕನ್ನಡನಾಡಿನ ಭಾಗವತ ಮೇಳವೊಂದು ಸಾಂಗಲಿಗೆ ಹೋಗಿ ಅಲ್ಲಿಯ ಸಂಸ್ಥಾನಿಕರೆದುರಿಗೆ ಆಟವಾಡಿತು. ಅದನ್ನು ಮೆಚ್ಚಿದ ಪಟವರ್ಧನ ದೊರೆಯು, ಇಂಥದನ್ನು ಮರಾಠಿಯಲ್ಲಿ ತಿದ್ದಿ ಮಾಡೆಂದು ತನ್ನ ಆಶ್ರಿತನಾದ ವಿಷ್ಣುದಾಸ ಭಾವೆಗೆ ಅಪ್ಪಣೆ ಕೊಟ್ಟನು. ೧೮೪೩ರಲ್ಲಿ 'ಸೀತಾಸ್ವಯಂವರ'ವು ನಡೆದು ಮರಾಠಿ ರಂಗಭೂಮಿಯು ಜನಿಸಿತು. ಇದು ನಮ್ಮ ಹೆಮ್ಮೆಗಾಗಿ ಕಟ್ಟಿದ ಕಥೆಯಲ್ಲ. ಮರಾಠಿಯ ಚರಿತ್ರಕಾರರೇ ಬರೆದಿಟ್ಟದ್ದು. ಅದೇ ೧೮೪೩ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಬಲವಂತ ಪಾಂಡುರಂಗ ಕಿರ್ಲೋಸ್ಕರರು, ಅಣ್ಣಾಸಾಹೇಬರು, ಹುಟ್ಟಿದರು. ಮೈಸೂರಿನ ಬಸವಪ್ಪಶಾಸ್ತ್ರಿಗಳು ಹುಟ್ಟಿದ್ದೂ ಆ ವರ್ಷವೇ. ೧೮೮೦ರಲ್ಲಿ ಪುಣೆಯಲ್ಲಿ ಅಣ್ಣಾಸಾಹೇಬರು ಕಾಳಿದಾಸನ ಶಾಕುಂತಲವನ್ನು ಮರಾಠಿಯಲ್ಲಿ ಹಾಡುಗಳಿಂದ ತುಂಬಿ ರಂಗಕ್ಕೆ ತಂದರು. ಅದೇ ಕಾಲದಲ್ಲಿ ಮೈಸೂರಿನಲ್ಲಿ ಚಾಮರಾಜ ಒಡೆಯರ ಆಶ್ರಯದ ನಾಟಕಸಭೆಗಾಗಿ ಶಾಸ್ತ್ರಿಗಳು ಅದೇ ಶಾಕುಂತಲವನ್ನು ಕನ್ನಡಿಸಿ 'ಅಭಿನವ ಕಾಳಿದಾಸ'ರೆನಿಸಿದರು. ಎರಡೂ ಕಡೆಗಳಲ್ಲಿ ಗೀತವೇ ನಾಟಕದ ಪ್ರಾಣವಾಯಿತು.

ಪುಣೆಯ ಆ ಪ್ರಯೋಗದಿಂದ ಹುಟ್ಟಿದ ಪರಂಪರೆಯನ್ನು ಮರಾಠಿಗರು 'ಸಂಗೀತನಾಟಕ'ವೆನ್ನುವರು. ಅದರಲ್ಲಿ ಕನ್ನಡದ ಮಟ್ಟುಗಳು ಸೇರಿದ್ದುವು. ಪಾರಸೀ ಮಂಡಳಿಗಳ ಪ್ರಭಾವವೂ ಸೇರಿದ್ದಿತು. ಪಾರಸಿಗಳು ತಮ್ಮ ಗೀತಪ್ರಧಾನ ನಾಟಕಗಳನ್ನು 'ಆಪೆರಾ' ಎಂದೇ ಕರೆಯುತ್ತಿದ್ದರು. ಹೀಗೆ ಎಲ್ಲವೂ ನಮ್ಮಿಂದಲೇ ಹೋಯಿತೆಂದು ಬೀಗುವುದು ಸಲ್ಲದು. ಹೋದುದು ಬೆಳೆದು ಮರಳಿ ನಮ್ಮಲ್ಲಿಗೇ ಬಂದಾಗ, ಮರಾಠಿ ಮಂಡಳಿಗಳ ಅಬ್ಬರವನ್ನು ಕಂಡು ನೊಂದ ಶಾಂತಕವಿಗಳು ಗದಗಿನಲ್ಲಿ ಕನ್ನಡದ ಮಂಡಳಿಯನ್ನು ಕಟ್ಟಬೇಕಾಯಿತೆಂಬುದನ್ನೂ ಮರೆಯಬಾರದು. ಸಾಲವು ಬಡ್ಡಿಯೊಡನೆ ಬಂದಿದ್ದಿತು. ಆದರೆ ಬೇರೆ ನಾಣ್ಯದಲ್ಲಿ.

ಅಣ್ಣಾಸಾಹೇಬರ ಹೆಸರಿನ ಮಂಡಳಿಯನ್ನೇ ೧೯೦೫ರಲ್ಲಿ ನಾರಾಯಣ ಶ್ರೀಪಾದ ರಾಜಹಂಸರು ಸೇರಿದರು. ಅವರೇ ಬಾಲಗಂಧರ್ವರು. ೧೯೧೩ರಲ್ಲಿ ಅವರದೇ ಆದ ಗಂಧರ್ವ ಮಂಡಳಿಯು ಹುಟ್ಟಿತು. ಅವರೂ, ದೀನಾನಾಥ ಮಂಗೇಶಕರರೂ ಈ ಆಪೆರಾ ಹೌಸಿನ ರಂಗದ ಮೇಲೆ ಹಾಡಿದವರು. ಬ್ಯಾಂಡ್‌ಮನ್ನನ ಹಾಸ್ಯಗೀತಗಳಿಂದ ಆ ಮಂದಿರವು ಹೆಸರಿಗೆ ಮಾತ್ರ ಆಪೆರಾ ಆಗಿದ್ದಿತು. ಹೆಸರು ಸಾರ್ಥಕವಾದುದು ಶಾಕುಂತಲ ಸೌಭದ್ರಗಳ ವಂಶದವರಿಂದ. ಹೀಗಿರಲು ಗುರ್ಲಹೊಸೂರಿನ ಸೀಮೆಯವನೊಬ್ಬನು ಅಲ್ಲಿಗೆ ಹೋಗಿ ಕುಳಿತರೆ ಪರಕೀಯನೆಂದು ಅಳುಕಬೇಕಾದುದಿಲ್ಲ.

ಆ ಕಾಲವು ಬೇಗನೆ ಮುಗಿಯಿತು. ೧೯೩೧ರ ಮ��ರ್ಚಿಯಲ್ಲಿ, ಅಲ್ಲಿಗೆ ಸಮೀಪದ ಗಿರಗಾಂವಿಯ ಮೆಜೆಸ್ಟಿಕ್ ಮಂದಿರದಲ್ಲಿ 'ಆಲಂ ಆರಾ' ಎಂಬ ಮಾತನಾಡುವ ಚಿತ್ರವು ತೆರೆಗೆ ಬಂದಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ೧೯೩೪ರಲ್ಲಿ ಬಂದಿತು. ನಾಲ್ಕಾಣೆಗೆ ಹಾಡೂ ಮಾತೂ ಸಿಕ್ಕುವಾಗ ರಾತ್ರಿಯೆಲ್ಲ ಕುಳಿತು ನಾಟಕವನ್ನು ನೋಡುವವರಾರು? ೧೯೩೫ರಲ್ಲಿ ಆಪೆರಾ ಹೌಸು ಒಂದು ಚಿತ್ರಸಂಸ್ಥೆಯ ಕೈಸೇರಿ ಸಿನಿಮಾ ಮಂದಿರವಾಯಿತು. ಬಾಲಗಂಧರ್ವರು ಸೀರೆಯನ್ನು ಕಳಚಿ, 'ಧರ್ಮಾತ್ಮಾ' ಎಂಬ ಚಿತ್ರದಲ್ಲಿ ಏಕನಾಥರ ಪಾತ್ರವನ್ನು ವಹಿಸಿದ್ದೂ ಅದೇ ೧೯೩೫ರಲ್ಲಿ. ಮನೆಯೂ ಗೃಹಸ್ಥನೂ ಒಂದೇ ವರ್ಷ ವೇಷವನ್ನು ಬದಲಿಸಿದರು. ೧೯೪೪ರಲ್ಲಿ ಪೃಥ್ವಿರಾಜ ಕಪೂರರು ನಾಟಕಮಂಡಳಿಯನ್ನು ಕಟ್ಟಿದಾಗ ಅವರ ಮೊದಲ ನಾಟಕವು, ಓದುಗರು ಊಹಿಸಿರಬಹುದು, ಶಾಕುಂತಲವೇ. ಅವರು ಈ ಮಂದಿರದಲ್ಲಿ ಅನೇಕ ಪ್ರಯೋಗಗಳನ್ನು ನಡೆಸಿದರು. ನಾಟಕವು ಮುಗಿದೊಡನೆ ಅಷ್ಟು ದೊಡ್ಡ ನಟನು ಜೋಳಿಗೆಯನ್ನು ಹಿಡಿದು, ತಲೆ ಬಾಗಿ, ಬಾಗಿಲಲ್ಲಿ ನಿಲ್ಲುತ್ತಿದ್ದನು. ಸಂಕಷ್ಟದಲ್ಲಿರುವ ಜನರಿಗಾಗಿ ಹಣವನ್ನು ಕೂಡಿಸುತ್ತಿದ್ದನು. ಆ ಮಂಡಳಿಯೂ ೧೯೬೦ರಲ್ಲಿ ನಿಂತಿತು.

೧೯೫೨ರಲ್ಲಿ ಗೊಂಡಲ್ ಸಂಸ್ಥಾನದ ಮಹಾರಾಜರು ಈ ಕಟ್ಟಡವನ್ನು ಕೊಂಡಿದ್ದರು. ಸಿನಿಮಾ ನಡೆಯುತ್ತ ನಡೆಯುತ್ತ ನಷ್ಟವಾಗಿ ೧೯೯೩ರಲ್ಲಿ ಬೀಗ ಬಿದ್ದಿತು. ಛಾವಣಿಯು ಸೋರಿತು, ಗಾರೆಯು ಕಳಚಿತು. ೨೦೧೨ರಲ್ಲಿ ಜಗತ್ತಿನ ಅಪಾಯಸ್ಥಿತಿಯ ಸ್ಮಾರಕಗಳ ಪಟ್ಟಿಯಲ್ಲಿ ಇದರ ಹೆಸರೂ ಬಂದಿತು. ರಾಜಮನೆತನದವರು ಆಭಾ ನಾರಾಯಣ ಲಾಂಬಾ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಜೀರ್ಣೋದ್ಧಾರವನ್ನು ಮಾಡಿಸಿದರು. ಸಿನಿಮಾಕ್ಕಾಗಿ ಮುಚ್ಚಿದ್ದುದನ್ನು ತೆರೆದು, ಹಳೆಯ ಛಾಯಾಚಿತ್ರಗಳನ್ನು ನೋಡಿ ಹಳೆಯ ರೂಪಕ್ಕೆ ತಂದರು. ೨೦೧೬ರ ಅಕ್ಟೋಬರ್ ೨೧ರಂದು ಮುಂಬಯಿಯಲ್ಲಿಯೇ ಹುಟ್ಟಿದ ಪೆಟ್ರೀಷಿಯಾ ರೊಜಾರಿಯೋ ಎಂಬ ಗಾಯಕಿಯ ಹಾಡಿನಿಂದ ಬಾಗಿಲು ಮತ್ತೆ ತೆರೆಯಿತು. ಮರುವರ್ಷ ಯುನೆಸ್ಕೋ ಸಂಸ್ಥೆಯ ಪುರಸ್ಕಾರವೂ ಬಂದಿತು.

"ಆಂಗ್ಲರು ತಮ್ಮ ಡೌಲಿಗಾಗಿ ಕಟ್ಟಿದ್ದನ್ನು ನಾವು ಇಷ್ಟು ಹಣ ಸುರಿದು ಕಾಯಬೇಕೇ?" ಎಂದು ಅಳಿಯಂದಿರು ದಾರಿಯಲ್ಲಿ ಕೇಳಿದರು. ಪ್ರಶ್ನೆಯು ಅನ್ಯಾಯದ್ದಲ್ಲ. ಆ ಗೂಡುಗಳಲ್ಲಿ ಯಾರು ಕುಳಿತಿದ್ದರು, ಉಪ್ಪರಿಗೆಯ ಕೊನೆಯಲ್ಲಿ ಯಾರು ಕುಳಿತಿದ್ದರು ಎಂಬುದನ್ನು ಕಟ್ಟಡವೇ ಹೇಳುತ್ತದೆ. ಇಂದಿನ ಟಿಕೀಟಿನ ಬೆಲೆಯೂ ನಮ್ಮಂಥವರು ಪದೇಪದೇ ಕೊಡಬಹುದಾದುದಲ್ಲ. ನಾನು ಅವರಿಗೆ ಹೇಳಿದ್ದು ಇಷ್ಟೇ: ಬೆಂಗಳೂರಿನಲ್ಲಿ ಬ್ರಿಗೇಡ್ ರಸ್ತೆಯೂ ರೆಸಿಡೆನ್ಸಿ ರಸ್ತೆಯೂ ಕೂಡುವಲ್ಲಿ ಇಂಥದೇ ಒಂದು ಆಪೆರಾ ಹೌಸು ಇದ್ದಿತು, ಅದೂ ಸಿನಿಮಾ ಮಂದಿರವಾಗಿ, ಬಹುಕಾಲ ಮುಚ್ಚಿದ್ದು, ೨೦೧೮ರಲ್ಲಿ ಮೊಬೈಲು ಮುಂತಾದ ಯಂತ್ರಗಳ ಪ್ರದರ್ಶನಶಾಲೆಯಾಗಿ ತೆರೆಯಿತು. ಗೋಡೆಗಳು ಉಳಿದವು, ಅಲ್ಲಿ ಇನ್ನು ಕಂಠವನ್ನು ಪರೀಕ್ಷಿಸುವ ಅವಕಾಶವಿಲ್ಲ. ನಮ್ಮೂರಿನಲ್ಲಿ ಕಂಪನಿಗಳು ಆಡುತ್ತಿದ್ದ ತಗಡಿನ ಮಾಡಿನ ನಾಟಕಗೃಹವು ಈಗ ಕಾಳಿನ ಉಗ್ರಾಣವಾಗಿದೆ. ಊರಿಗೆ ಮರಳಿದ ಮೇಲೆ ಒಂದು ಸಂಜೆ ಅಲ್ಲಿಗೆ ಹೋಗಿ, ಹಮಾಲರ ಅನುಮತಿ ಪಡೆದು, ಗೋಡೆಯಿಂದ ಗೋಡೆಗೆ ಹೆಜ್ಜೆಯಿಂದ ಅಳೆದು ನೋಡಿದೆನು. ಉದ್ದವು ನೂರು ಅಡಿಗೆ ಕೊಂಚ ಕಡಮೆ, ಅಗಲವು ಐವತ್ತಕ್ಕೆ ಕೊಂಚ ಕಡಮೆ. ಚೀಲಗಳ ಮೇಲೆ ಕುಳಿತಿದ್ದ ಹುಡುಗನೊಬ್ಬನು ಎದುರು ಗೋಡೆಯ ಬಳಿಯಿದ್ದ ತನ್ನ ಗೆಳೆಯನನ್ನು ಮೆಲುದನಿಯಲ್ಲಿ ಏನೋ ಕೇಳಿದನು. ನಡುವೆ ನಿಂತಿದ್ದ ನನಗೆ ಅದು ಎರಡು ಕಿವಿಗಳಿಂದಲೂ ಕೇಳಿಸಿತು. "ಈ ಮುದುಕಪ್ಪ ಏನು ಅಳೀತಾನೋ?" ಎಂದು.